ಮುಷ್ಕರದ ಲೆಕ್ಕ ಬರೆಯುವವರು ಯಾರು?

(ಬೆಂಗಳೂರಿನಲ್ಲಿ ಸಾರ್ವಜನಿಕ ಆರೋಗ್ಯ ಕುರಿತ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಆರೋಗ್ಯ ಸಿಬ್ಬಂದಿ ಮುಷ್ಕರ ಹೂಡಿದರು ಎಂದೊಡನೆ ನಮ್ಮಲ್ಲಿ ಏಳುವ ಮೊದಲ ಪ್ರಶ್ನೆ, ಎಷ್ಟು ಮಂದಿ ಸತ್ತರು ಎಂಬುದು. ಸರ್ಕಾರ ಒಂದು ಸಂಖ್ಯೆ ಹೇಳುತ್ತದೆ, ಸಂಘದವರು ಅದನ್ನು ಅಲ್ಲಗಳೆಯುತ್ತಾರೆ, ವಾರ ಕಳೆಯುವಷ್ಟರಲ್ಲಿ ಎರಡೂ ಮಾತು ಮರೆತುಹೋಗುತ್ತವೆ. ಪ್ರಶ್ನೆ ಸಹಜವಾದದ್ದೇ. ಆದರೆ ಮುಷ್ಕರವೊಂದು ಆರೋಗ್ಯ ವ್ಯವಸ್ಥೆಯ ಮೇಲೆ ಬೀರುವ ಪರಿಣಾಮವನ್ನು ಅಳೆಯಲು ಈ ಒಂದು ಅಳತೆಗೋಲು ಸಾಲದು, ಎಷ್ಟೋ ಸಲ ಅದು ನಮ್ಮ ದಾರಿಯನ್ನೂ ತಪ್ಪಿಸುತ್ತದೆ. ಪರಿಣಾಮ ಎಂಥದ್ದು ಎನ್ನುವುದು ಕೆಲಸ ನಿಲ್ಲಿಸಿದವರು ಯಾರು ಎನ್ನುವುದನ್ನು ಅವಲಂಬಿಸಿದೆ. ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ (ಒಪಿಡಿ) ಬೀಗ ಬಿದ್ದರೆ ಅದು ಸಂಜೆಯೊಳಗೆ ಸುದ್ದಿಯಾಗುತ್ತದೆ. ಊರೂರಿನಲ್ಲಿ, ಗಲ್ಲಿಗಲ್ಲಿಯಲ್ಲಿ ಕೆಲಸ ಮಾಡುವವರು ನಿಂತರೆ ಆಗುವ ನಷ್ಟ ಹೆಚ್ಚು ಕಾಲ ಉಳಿದರೂ ಲೆಕ್ಕಕ್ಕೆ ಸಿಗುವುದಿಲ್ಲ, ಏಕೆಂದರೆ ಲೆಕ್ಕ ಬರೆಯುವವರೂ ಅವರೇ. ನಾನಿಂದು ಹೇಳಬೇಕಾಗಿರುವುದು ಮುಖ್ಯವಾಗಿ ಇಷ್ಟೇ.

ಸಾವಿನ ಲೆಕ್ಕದಿಂದಲೇ ಆರಂಭಿಸೋಣ. 1976ರ ಜನವರಿಯಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ, ನಿರ್ಲಕ್ಷ್ಯದ ದಾವೆಗಳಿಗೆಂದು ಕಟ್ಟಬೇಕಾದ ವಿಮಾ ಕಂತು ಏರಿತೆಂದು ವೈದ್ಯರು ತುರ್ತಲ್ಲದ ಕೆಲಸವನ್ನೆಲ್ಲ ಕೈಬಿಟ್ಟರು. ಆ ವಾರಗಳಲ್ಲಿ ಅಲ್ಲಿನ ಮರಣ ಪ್ರಮಾಣ ಏರಲಿಲ್ಲ, ಇಳಿಯಿತು. ಶಸ್ತ್ರಚಿಕಿತ್ಸೆಗಳು ಮತ್ತೆ ಶುರುವಾದ ಮೇಲೆ ಏರಿತು. 2000ದಲ್ಲಿ ಇಸ್ರೇಲಿನ ವೈದ್ಯರು ಮುಷ್ಕರ ಹೂಡಿದ್ದಾಗ ಜೆರುಸಲೇಮಿನ ಶವಸಂಸ್ಕಾರ ಸಂಸ್ಥೆಗಳು ತಮ್ಮ ಕೆಲಸ ಕಡಿಮೆಯಾಗಿದೆ ಎಂದವು. ವೈದ್ಯರ ಮುಷ್ಕರ ಮತ್ತು ಮರಣ ಪ್ರಮಾಣದ ಕುರಿತು ಅಲ್ಲಿಯವರೆಗೆ ಪ್ರಕಟವಾಗಿದ್ದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2008ರ ವಿಮರ್ಶೆಯೊಂದು, ಆ ಅವಧಿಗಳಲ್ಲಿ ಮರಣ ಪ್ರಮಾಣ ಇದ್ದಂತೆಯೇ ಇತ್ತು ಅಥವಾ ತಗ್ಗಿತ್ತು ಎಂಬ ತೀರ್ಮಾನಕ್ಕೆ ಬಂತು. ಇದನ್ನು ಕೇಳಿ, ಡಾಕ್ಟರುಗಳು ಮನೆಯಲ್ಲಿ ಕೂತರೇ ಜನ ಚೆನ್ನಾಗಿರುತ್ತಾರೆ ಎಂದು ನಗುವವರಿದ್ದಾರೆ. ವಿಷಯ ಹಾಗಿಲ್ಲ. ಮೊದಲೇ ದಿನಾಂಕ ಕೊಟ್ಟು ಮಾಡುವ ಶಸ್ತ್ರಚಿಕಿತ್ಸೆಗಳಿಗೂ ತಮ್ಮದೇ ಆದ ಸಣ್ಣ ಅಪಾಯವಿರುತ್ತದೆ. ಅವು ಮುಂದಕ್ಕೆ ಹೋದಾಗ ಅಪಾಯವೂ ಮುಂದಕ್ಕೆ ಹೋಗುತ್ತದೆ. ಜೊತೆಗೆ ಬಹುಪಾಲು ವೈದ್ಯರ ಮುಷ್ಕರಗಳಲ್ಲಿ ತುರ್ತು ಚಿಕಿತ್ಸೆ ನಡೆದೇ ಇರುತ್ತದೆ, ಅಲ್ಲಿಗೆ ಹಿರಿಯರು ಬಂದು ನಿಂತಿರುತ್ತಾರೆ. ಆ ಕೆಲವು ವಾರಗಳ ಮಟ್ಟಿಗೆ ಆಸ್ಪತ್ರೆ ಸಾಯುವ ಸ್ಥಿತಿಯಲ್ಲಿರುವವರನ್ನು ಮಾತ್ರ ನೋಡಿಕೊಳ್ಳುತ್ತದೆ. ಮಂಡಿ ನೋವಿನವರು, ಪೊರೆ ಬಂದು ಕಣ್ಣು ಮಂಜಾದವರು, ಸ್ತನದಲ್ಲಿ ಗಂಟು ಸಿಕ್ಕಿ ಪರೀಕ್ಷೆಗೆ ಬಂದವರು ಮರಣದ ಅಂಕಿಯೊಳಗೆ ಬರುವುದೇ ಇಲ್ಲ, ಅಥವಾ ಬಂದರೂ ಎರಡು ವರ್ಷದ ನಂತರ ಬೇರೆ ಯಾವುದೋ ಕಾರಣದ ಕೆಳಗೆ ಬರುತ್ತಾರೆ.

ವೈದ್ಯರ ಜಾಗದಲ್ಲಿ ನರ್ಸ್‌ಗಳನ್ನು ಇಟ್ಟು ನೋಡಿದರೆ ಚಿತ್ರ ಪೂರ್ತಿ ಬದಲಾಗುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ 1984ರಿಂದ 2004ರವರೆಗೆ ನಡೆದ ನರ್ಸ್‌ಗಳ ಮುಷ್ಕರಗಳನ್ನು ಇಬ್ಬರು ಅರ್ಥಶಾಸ್ತ್ರಜ್ಞರು ಪರಿಶೀಲಿಸಿದಾಗ, ಮುಷ್ಕರದ ವೇಳೆ ದಾಖಲಾದ ರೋಗಿಗಳಲ್ಲಿ ಆಸ್ಪತ್ರೆಯೊಳಗಿನ ಸಾವು ಶೇ. 18ರಷ್ಟು ಹೆಚ್ಚಿತ್ತು, ಬಿಡುಗಡೆಯಾಗಿ ಮೂವತ್ತು ದಿನದೊಳಗೆ ಮರಳಿ ದಾಖಲಾಗುವವರ ಪ್ರಮಾಣವೂ ಏರಿತ್ತು. ಬದಲಿ ನರ್ಸ್‌ಗಳನ್ನು ತಂದ ಆಸ್ಪತ್ರೆಗಳ ಸ್ಥಿತಿಯೂ ಉತ್ತಮವಾಗಿರಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ವೈದ್ಯರು ದಿನಕ್ಕೆ ಎರಡು ಸಲ ರೌಂಡ್ಸ್ ಬರುತ್ತಾರೆ. ಉಳಿದ ಹೊತ್ತು ರೋಗಿಯನ್ನು ನೋಡುವುದು ನರ್ಸ್. ಬೆಳಗಿನ ಜಾವ ಮೂರು ಗಂಟೆಗೆ ಡ್ರಿಪ್ ಹಾಕಿದ ಕೈ ಊದಿಕೊಂಡಿದ್ದನ್ನು, ಮೂತ್ರದ ಚೀಲ ಸಂಜೆಯಿಂದ ತುಂಬಿಯೇ ಇಲ್ಲ ಎಂಬುದನ್ನು, ಮೊನ್ನೆಯಿಂದ ಗೊಣಗುತ್ತಿದ್ದ ಅಜ್ಜ ಇವತ್ತು ಸುಮ್ಮನಾಗಿದ್ದಾನೆ ಎಂಬುದನ್ನು ಗಮನಿಸಿ ಡ್ಯೂಟಿ ಡಾಕ್ಟರನ್ನು ಎಬ್ಬಿಸುವವರು ಅವರೇ. ಆ ವಾರ್ಡಿನ ಪರಿಚಯವಿಲ್ಲದ ಬದಲಿಯವರಿಗೆ ಇಂಜೆಕ್ಷನ್ ಕೊಡುವುದು ಬರುತ್ತದೆ, ಅಜ್ಜ ಮೊನ್ನೆ ಗೊಣಗುತ್ತಿದ್ದ ಎಂಬುದು ತಿಳಿದಿರುವುದಿಲ್ಲ.

ಈಗ ನಮ್ಮ ರಾಜ್ಯಕ್ಕೆ ಬರುತ್ತೇನೆ. ಬೆಂಗಳೂರಿನ ಜನರಿಗೆ ನೆನಪಿರುವ ದೊಡ್ಡ ಮುಷ್ಕರ 2017ರ ನವೆಂಬರ್‌ನದು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ಸರ್ಕಾರ ತಿದ್ದುಪಡಿ ತರಲು ಹೊರಟಿತ್ತು. ರಮೇಶ್ ಕುಮಾರ್ ಆಗ ಆರೋಗ್ಯ ಸಚಿವರು. ಚಿಕಿತ್ಸಾ ದರಕ್ಕೆ ಮಿತಿ, ರೋಗಿಗಳ ಹಕ್ಕುಗಳ ಸನ್ನದು, ಜಿಲ್ಲಾ ಮಟ್ಟದಲ್ಲಿ ದೂರು ಕೇಳುವ ಸಮಿತಿ, ಉಲ್ಲಂಘನೆಗೆ ಜೈಲು ಶಿಕ್ಷೆ ಇವು ಪ್ರಸ್ತಾಪದಲ್ಲಿದ್ದವು. ನಿಯಂತ್ರಣವೇ ಬೇಕಿದ್ದರೆ ಸರ್ಕಾರಿ ಆಸ್ಪತ್ರೆಗಳನ್ನೂ ಅದರೊಳಗೆ ತನ್ನಿ ಎಂಬುದು ಖಾಸಗಿ ವೈದ್ಯರ ವಾದವಾಗಿತ್ತು, ಮತ್ತು ಅದು ತಳ್ಳಿಹಾಕುವಂಥ ವಾದವೇನೂ ಆಗಿರಲಿಲ್ಲ. ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿರುವಾಗಲೇ ರಾಜ್ಯದಾದ್ಯಂತ ಖಾಸಗಿ ಆಸ್ಪತ್ರೆಗಳ ಒಪಿಡಿ ಮುಚ್ಚಿದವು. ಸರ್ಕಾರಿ ವೈದ್ಯರ ರಜೆ ರದ್ದಾಯಿತು. ವಿಕ್ಟೋರಿಯಾ, ಬೌರಿಂಗ್, ಕೆ.ಸಿ. ಜನರಲ್, ಜಯನಗರ ಜನರಲ್ ಆಸ್ಪತ್ರೆಗಳಿಗೆ ಜನ ಹರಿದುಬಂದರು. ಹೈಕೋರ್ಟ್ ಮಧ್ಯಪ್ರವೇಶಿಸಿತು, ಮುಖ್ಯಮಂತ್ರಿಗಳ ಜೊತೆ ಮಾತುಕತೆಯಾಯಿತು, ಮುಷ್ಕರ ಮುಗಿಯಿತು, ಮಸೂದೆ ಸಾಕಷ್ಟು ಮೆತ್ತಗಾಗಿ ಅಂಗೀಕಾರವಾಯಿತು.

ಈ ಮುಷ್ಕರದ ದೀರ್ಘ ಪರಿಣಾಮ ಉಳಿದಿರುವುದು ಆ ಕೆಲವು ದಿನಗಳ ನೂಕುನುಗ್ಗಲಿನಲ್ಲಿ ಅಲ್ಲ, ಕಾಯ್ದೆಯ ಅಕ್ಷರಗಳಲ್ಲಿ. ಕೆನಡಾದ ಸಸ್ಕಾಚುವಾನ್ ಪ್ರಾಂತದಲ್ಲಿ 1962ರ ಜುಲೈ 1ರಂದು ಸಾರ್ವತ್ರಿಕ ವೈದ್ಯಕೀಯ ವಿಮೆ ಜಾರಿಗೆ ಬಂದ ದಿನವೇ ವೈದ್ಯರು 23 ದಿನಗಳ ಮುಷ್ಕರ ಆರಂಭಿಸಿದ್ದರು. ಯೋಜನೆ ಉಳಿಯಿತು, ಆದರೆ ವೈದ್ಯರಿಗೆ ಒಪ್ಪಿಗೆಯಾಗುವ ಕೆಲವು ಷರತ್ತುಗಳೊಂದಿಗೆ. ರಾಜಸ್ಥಾನ 2023ರ ಮಾರ್ಚ್‌ನಲ್ಲಿ ಆರೋಗ್ಯದ ಹಕ್ಕಿನ ಮಸೂದೆಯನ್ನು ಅಂಗೀಕರಿಸಿದಾಗಲೂ ಖಾಸಗಿ ವೈದ್ಯರು ಬೀದಿಗಿಳಿದರು, ಏಪ್ರಿಲ್ ಮೊದಲ ವಾರದಲ್ಲಿ ಸರ್ಕಾರ ಅವರೊಂದಿಗೆ ಒಪ್ಪಂದಕ್ಕೆ ಬಂತು. ಇಂಥ ಮುಷ್ಕರಗಳು ವೇತನಕ್ಕಾಗಿ ನಡೆಯುವುದಿಲ್ಲ. ವ್ಯವಸ್ಥೆಯ ನಿಯಮಗಳನ್ನು ಬರೆಯುವವರು ಯಾರು ಎಂಬ ಪ್ರಶ್ನೆಗಾಗಿ ನಡೆಯುತ್ತವೆ. ಅವು ಬೇಗ ಮುಗಿಯುತ್ತವೆ, ಏಕೆಂದರೆ ನಗರದ ಮಧ್ಯಮ ವರ್ಗಕ್ಕೆ ಬಿಸಿ ಮುಟ್ಟಲು ಎರಡು ದಿನ ಸಾಕು.

ಕಿರಿಯ ವೈದ್ಯರ ಮುಷ್ಕರಗಳದು ಬೇರೆ ಕಥೆ. 2019ರ ನವೆಂಬರ್‌ನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ, ಪೊರೆ ಶಸ್ತ್ರಚಿಕಿತ್ಸೆಯ ನಂತರ ದೃಷ್ಟಿ ಕಳೆದುಕೊಂಡವರ ಪರವಾಗಿ ಬಂದ ಸಂಘಟನೆಯೊಂದರ ಕಾರ್ಯಕರ್ತರು ವೈದ್ಯರ ಮೇಲೆ ಹಲ್ಲೆ ನಡೆಸಿದರೆಂದು ಆರೋಪಿಸಿ ಕಿರಿಯ ವೈದ್ಯರು ಕೆಲಸ ನಿಲ್ಲಿಸಿದರು. ಕೊನೆಗೆ ನವೆಂಬರ್ 8ರಂದು ರಾಜ್ಯದ ಖಾಸಗಿ ಆಸ್ಪತ್ರೆಗಳ ಒಪಿಡಿಯೂ ಬಂದ್ ಆಯಿತು. 2024ರ ಆಗಸ್ಟ್‌ನಲ್ಲಿ ರಾಜ್ಯದ ರೆಸಿಡೆಂಟ್ (ತರಬೇತಿಯಲ್ಲಿರುವ) ವೈದ್ಯರು ಶಿಷ್ಯವೇತನಕ್ಕಾಗಿ ಹೋರಾಟಕ್ಕಿಳಿದ ಹೊತ್ತಿನಲ್ಲೇ ಕೋಲ್ಕತ್ತದ ಆರ್‌.ಜಿ. ಕರ್ ಆಸ್ಪತ್ರೆಯಲ್ಲಿ ತರಬೇತಿಯಲ್ಲಿದ್ದ ವೈದ್ಯೆಯೊಬ್ಬರ ಅತ್ಯಾಚಾರ, ಕೊಲೆಯ ಘೋರ ಘಟನೆ ನಡೆಯಿತು; ಆಗಸ್ಟ್ 17ರ ಬೆಳಿಗ್ಗೆ ಆರರಿಂದ 24 ಗಂಟೆ ದೇಶದಾದ್ಯಂತ ತುರ್ತಲ್ಲದ ಸೇವೆಗಳು ನಿಂತವು. ಒಂದು ಕಡೆ ಹೊಟ್ಟೆಪಾಡು, ಇನ್ನೊಂದು ಕಡೆ ಜೀವಭಯ. ಕಿರಿಯ ವೈದ್ಯರ ಬೇಡಿಕೆಗಳು ಬಹುಪಾಲು ಈ ಎರಡರಲ್ಲಿ ಒಂದಾಗಿರುತ್ತವೆ.

ಮೆಡಿಕಲ್ ಕಾಲೇಜಿಗೆ ಸೇರಿದ ಸರ್ಕಾರಿ ಆಸ್ಪತ್ರೆಯನ್ನು ಹೊರಗಿನಿಂದ ನೋಡುವವರಿಗೆ ಅಲ್ಲಿ ನಡೆಸುವವರು ಪ್ರೊಫೆಸರುಗಳೆಂದು ತೋರುತ್ತದೆ. ರಕ್ತದ ಸ್ಯಾಂಪಲ್ ತೆಗೆಯುವುದು, ರಕ್ತನಿಧಿಗೆ ಫೋನ್ ಮಾಡುವುದು, ಸ್ಕ್ಯಾನ್‌ಗೆ ದಿನ ಹಿಡಿಯುವುದು, ಕೇಸ್ ಶೀಟ್ ತುಂಬುವುದು, ಡಿಸ್ಚಾರ್ಜ್ ಬರೆಯುವುದು, ಇವೆಲ್ಲ ಪಿಜಿಗಳದು (ಸ್ನಾತಕೋತ್ತರ ವಿದ್ಯಾರ್ಥಿಗಳದು) ಮತ್ತು ಇಂಟರ್ನಿಗಳದು. ಅವರಿಲ್ಲದ ದಿನ ಹಿರಿಯರು ರೌಂಡ್ಸ್ ಮಾಡಿ ಆದೇಶ ಬರೆದಿರುತ್ತಾರೆ, ಆದೇಶ ಪಾಲಿಸುವ ಕೈಗಳಿರುವುದಿಲ್ಲ. ಡಿಸ್ಚಾರ್ಜ್ ಆಗಬೇಕಾದವರು ಮಂಚ ಬಿಡುವುದಿಲ್ಲ, ಮಂಚ ಸಿಗಬೇಕಾದವರು ಕಾರಿಡಾರಿನಲ್ಲಿ ಚಾಪೆ ಹಾಸಿಕೊಳ್ಳುತ್ತಾರೆ. ದಕ್ಷಿಣ ಕೊರಿಯಾ 2024ರಲ್ಲಿ ಇದನ್ನು ಬಹಳ ದುಬಾರಿಯಾಗಿ ಕಲಿಯಿತು: ವೈದ್ಯಕೀಯ ಸೀಟುಗಳನ್ನು 2,000ದಷ್ಟು ಹೆಚ್ಚಿಸುವ ನಿರ್ಧಾರವನ್ನು ವಿರೋಧಿಸಿ ತರಬೇತಿಯಲ್ಲಿದ್ದ ಸಾವಿರಾರು ವೈದ್ಯರು ರಾಜೀನಾಮೆ ಕೊಟ್ಟು ಹೊರನಡೆದಾಗ, ಸಿಯೋಲ್‌ನ ಅತಿ ದೊಡ್ಡ ಆಸ್ಪತ್ರೆಗಳೇ ಶಸ್ತ್ರಚಿಕಿತ್ಸೆಗಳನ್ನು ಕಡಿತ ಮಾಡಬೇಕಾಯಿತು. ಕಲಿಯಲು ಬಂದವರ ದುಡಿಮೆಯ ಮೇಲೆ ನಿಂತ ಆಸ್ಪತ್ರೆ ಎಷ್ಟು ದುರ್ಬಲ ಎಂಬುದು ಅವರು ಎದ್ದುಹೋದ ದಿನವೇ ಗೊತ್ತಾಗುವುದು.

ಬೆಂಗಳೂರಿನಲ್ಲಿ ಈ ಭಾರ ಬೀಳುವುದು ಬೆಂಗಳೂರಿನವರ ಮೇಲಷ್ಟೇ ಅಲ್ಲ. ಕಿದ್ವಾಯಿಗೆ, ಜಯದೇವಕ್ಕೆ, ನಿಮ್ಹಾನ್ಸ್‌ಗೆ, ವಿಕ್ಟೋರಿಯಾಕ್ಕೆ ರಾಯಚೂರು, ಕಲಬುರಗಿ, ಚಾಮರಾಜನಗರದಿಂದ, ಗಡಿಯಾಚೆಯ ಆಂಧ್ರದಿಂದ ರಾತ್ರಿ ಬಸ್ಸು ಹತ್ತಿ ಬರುವವರಿದ್ದಾರೆ. ಇವುಗಳಲ್ಲಿ ಯಾವುದೇ ಆಸ್ಪತ್ರೆಯ ಒಪಿಡಿ ಒಂದು ದಿನ ಮುಚ್ಚಿದರೂ, ಮುಂದಿನ ವಾರ ಬನ್ನಿ ಎಂಬ ಮಾತಿಗೆ ಅವರ ಪಾಲಿಗಿರುವ ಬೆಲೆ ಇಬ್ಬರ ಬಸ್ ಚಾರ್ಜು, ಒಂದು ರಾತ್ರಿಯ ತಂಗು, ಮೂರು ದಿನದ ಕೂಲಿ. ಇದು ಯಾವ ಇಲಾಖೆಯ ವರದಿಯಲ್ಲೂ ಮುಷ್ಕರದ ವೆಚ್ಚವೆಂದು ದಾಖಲಾಗುವುದಿಲ್ಲ. ಕೆಲವರು ಮುಂದಿನ ವಾರ ಬರುವುದೂ ಇಲ್ಲ.

ಇಲ್ಲಿಯವರೆಗೆ ಹೇಳಿದ್ದು ಆಸ್ಪತ್ರೆಯ ಗೋಡೆಯೊಳಗಿನ ಮಾತು. ಗೋಡೆಯ ಹೊರಗೆ ಹೋದಾಗ ಸಿಗುವವರು ಆಶಾ ಕಾರ್ಯಕರ್ತೆಯರು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಈ ವ್ಯವಸ್ಥೆಯಲ್ಲಿ ಸಾವಿರ ಜನಸಂಖ್ಯೆಗೆ ಒಬ್ಬರಂತೆ ನೇಮಕ. ಕರ್ನಾಟಕದಲ್ಲಿ ಅವರ ಸಂಖ್ಯೆ ಸುಮಾರು 42,000. ಸರ್ಕಾರದ ಕಾಗದದಲ್ಲಿ ಅವರು ನೌಕರರಲ್ಲ, ಸ್ವಯಂಸೇವಕಿಯರು. ಅವರಿಗೆ ಸಂಬಳವಿಲ್ಲ, ಗೌರವಧನ ಮತ್ತು ಕೆಲಸಕ್ಕಿಷ್ಟು ಎಂಬ ಪ್ರೋತ್ಸಾಹಧನ ಇವೆ. 2020ರ ಜುಲೈನಲ್ಲಿ, ಕೋವಿಡ್ ಸಮೀಕ್ಷೆಗೆ ಮನೆಮನೆ ಅಲೆಯುತ್ತಿದ್ದ ಹೊತ್ತಿನಲ್ಲಿ, ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ಸುರಕ್ಷಾ ಸಾಮಗ್ರಿ ಕೊಡಿ ಎಂದು ಅವರು ಕೆಲಸ ನಿಲ್ಲಿಸಿದರು. 2025ರ ಜನವರಿ 7ರಿಂದ ನಾಲ್ಕು ದಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕೂತರು. ಆಗಿನ ಬೇಡಿಕೆ 15,000, ಸಿಕ್ಕ ಭರವಸೆ ತಿಂಗಳಿಗೆ ಕನಿಷ್ಠ 10,000. ಅದೇ ವರ್ಷದ ಆಗಸ್ಟ್‌ನಲ್ಲಿ ಅದೇ ಭರವಸೆಯ ಬಗ್ಗೆ ಮತ್ತೆ ಧರಣಿ ಕೂರಬೇಕಾಯಿತು. (ಬೆಂಗಳೂರಿನಲ್ಲಿ ಧರಣಿಗೆ ಅವಕಾಶವಿರುವುದು ಫ್ರೀಡಂ ಪಾರ್ಕ್ ಒಂದರಲ್ಲೇ, ಅಂದರೆ ಹಳೆಯ ಸೆಂಟ್ರಲ್ ಜೈಲಿನ ಆವರಣದಲ್ಲಿ. ಆ ರಸ್ತೆಯಲ್ಲಿ ಓಡಾಡದವರಿಗೆ ರಾಜ್ಯದಲ್ಲಿ ಮುಷ್ಕರ ನಡೆಯುತ್ತಿದೆ ಎಂಬುದೇ ತಿಳಿಯದೆ ಇರಬಹುದು.)

ಖಾಸಗಿ ವೈದ್ಯರು ಒಪಿಡಿ ಮುಚ್ಚಿ ವಾರದೊಳಗೆ ಮಸೂದೆಯನ್ನು ಬದಲಿಸಿದರು. ಆಶಾಗಳು ವರ್ಷಗಳಿಂದ ಅದೇ ಬೇಡಿಕೆ ಹಿಡಿದು ಬರುತ್ತಿದ್ದಾರೆ. ಅವರ ಕೆಲಸ ನಿಂತಾಗ ಯಾರೂ ಕೂಡಲೇ ಸಾಯುವುದಿಲ್ಲ, ಯಾವ ಬಾಗಿಲಿಗೂ ಬೀಗ ಬೀಳುವುದಿಲ್ಲ ಎಂಬುದು ಇದಕ್ಕೆ ಒಂದು ಕಾರಣ. ಏನು ನಿಲ್ಲುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ಆಶಾ ಆರು ಸಲ ಹೋಗಬೇಕು: ಮೂರನೆಯ, ಏಳನೆಯ, ಹದಿನಾಲ್ಕನೆಯ, ಇಪ್ಪತ್ತೊಂದನೆಯ, ಇಪ್ಪತ್ತೆಂಟನೆಯ ಮತ್ತು ನಲವತ್ತೆರಡನೆಯ ದಿನ. ಮಗುವನ್ನು ತೂಗಿ, ಮೈ ಬಿಸಿ ನೋಡಿ, ಹೊಕ್ಕಳು ಕೀವಾಗಿದೆಯೇ, ಎದೆಹಾಲು ಸರಿಯಾಗಿ ಕುಡಿಯುತ್ತಿದೆಯೇ, ತಾಯಿಗೆ ಜ್ವರವೋ ವಿಪರೀತ ರಕ್ತಸ್ರಾವವೋ ಇದೆಯೇ ಎಂದು ನೋಡಿ ಬರೆದುಕೊಳ್ಳಬೇಕು. ಹಸುಗೂಸಿನ ಸೋಂಕು ಮನೆಯವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಮಗು ಮಂಕಾಗಿದೆ, ಹಾಲು ಬಿಟ್ಟಿದೆ, ದೃಷ್ಟಿಯಾಗಿರಬೇಕು ಎಂದು ನಿವಾಳಿಸುತ್ತಾ ಒಂದು ದಿನ ಕಳೆಯುತ್ತದೆ. ಆಶಾ ಬಂದಿದ್ದರೆ ಆ ದಿನ ಉಳಿಯುತ್ತಿತ್ತು. ಶಸ್ತ್ರಚಿಕಿತ್ಸೆಯನ್ನು ಮುಂದೂಡಬಹುದು, ಏಳನೆಯ ದಿನದ ಭೇಟಿಯನ್ನು ಹನ್ನೆರಡನೆಯ ದಿನಕ್ಕೆ ಮುಂದೂಡಲು ಬರುವುದಿಲ್ಲ.

ಈ ಭೇಟಿಗಳ ದಾಖಲೆ ಇರುವುದು ಅವರದೇ ಪುಸ್ತಕದಲ್ಲಿ. ಗರ್ಭಿಣಿಯರ ನೋಂದಣಿ, ಮನೆಯಲ್ಲಾದ ಜನನ, ಮನೆಯಲ್ಲಾದ ಸಾವು, ಲಸಿಕೆ ತಪ್ಪಿಸಿಕೊಂಡ ಮಗು, ಬೀದಿಯಲ್ಲಿ ಹರಡುತ್ತಿರುವ ಜ್ವರ, ಇವೆಲ್ಲ ಮೊದಲು ಅಲ್ಲಿ ಬರೆಯಲ್ಪಟ್ಟು ನಂತರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಪೋರ್ಟಲ್‌ಗೆ ಏರುತ್ತವೆ. ಅವರು ಕೆಲಸ ನಿಲ್ಲಿಸಿದ ದಿನಗಳಲ್ಲಿ ಗಂಡಾಂತರದ ಗರ್ಭಿಣಿಯರು ಕಡಿಮೆಯಾಗುವುದಿಲ್ಲ, ಪತ್ತೆಯಾಗುವವರು ಕಡಿಮೆಯಾಗುತ್ತಾರೆ. ತಿಂಗಳ ಕೊನೆಯಲ್ಲಿ ಅಂಕಿ ನೋಡುವ ಅಧಿಕಾರಿಗೆ ಆ ತಾಲ್ಲೂಕು ಹಿಂದಿನ ತಿಂಗಳಿಗಿಂತ ಆರೋಗ್ಯವಾಗಿರುವಂತೆ ಕಂಡರೂ ಕಾಣಬಹುದು. ಖಾಲಿ ಬಿಟ್ಟ ಅಂಕಣವೂ ಸೊನ್ನೆ ಬರೆದ ಅಂಕಣವೂ ಕಂಪ್ಯೂಟರಿನ ಮೊತ್ತದಲ್ಲಿ ಒಂದೇ ಆಗಿಬಿಡುತ್ತವೆ.

ಲೆಕ್ಕದ ಈ ಶಕ್ತಿ ಸಂಘಗಳಿಗೆ ತಿಳಿಯದ್ದೇನಲ್ಲ. 2020ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸರ್ಕಾರಿ ವೈದ್ಯಾಧಿಕಾರಿಗಳ ಸಂಘ ವೇತನ ತಾರತಮ್ಯದ ವಿರುದ್ಧ ಹೋರಾಡಿದಾಗ, ಚಿಕಿತ್ಸೆ ನಿಲ್ಲಿಸುವ ಬದಲು ಮೊದಲ ಹೆಜ್ಜೆಯಾಗಿ ಕೋವಿಡ್ ವರದಿಗಳನ್ನು ಕಳಿಸುವುದನ್ನು ನಿಲ್ಲಿಸಿತು. ರೋಗಿಗೆ ತೊಂದರೆಯಾಗಬಾರದು, ಸರ್ಕಾರಕ್ಕೆ ಕಣ್ಣು ಕಾಣಬಾರದು ಎಂಬ ಲೆಕ್ಕಾಚಾರವದು. ಸರ್ಕಾರ ದಿನದಿನವೂ ಕೋವಿಡ್ ಬುಲೆಟಿನ್ ಹೊರಡಿಸುತ್ತಿದ್ದ ಕಾಲದಲ್ಲಿ ಅದು ಸರಿಯಾಗಿಯೇ ನಾಟಿತು, ಕೆಲವೇ ದಿನಗಳಲ್ಲಿ ಸರ್ಕಾರ ವೇತನ ಹೆಚ್ಚಿಸಲು ಒಪ್ಪಿತು. ಅದೇ ತಿಂಗಳ ಕೊನೆಗೆ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು, ಅಂದರೆ ಲ್ಯಾಬ್ ಟೆಕ್ನಿಷಿಯನ್ನರು, ಕ್ಷಯ ವಿಭಾಗದ ಮೇಲ್ವಿಚಾರಕರು, ಡೇಟಾ ಎಂಟ್ರಿಯವರು ಎಲ್ಲರೂ ಸೇವಾ ಭದ್ರತೆ ಕೇಳಿ ಮುಷ್ಕರಕ್ಕಿಳಿದರು. 2023ರ ಆರಂಭದಲ್ಲಿ ಮತ್ತೊಮ್ಮೆ ಇಳಿದರು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಬಿಡದೆ ಮಾತ್ರೆ ನುಂಗಬೇಕು. ನಡುವೆ ಮಾತ್ರೆ ತಲುಪದ ಎರಡು ವಾರ, ಕಫ ಪರೀಕ್ಷೆಯಾಗದ ಎರಡು ವಾರ ಆ ತಿಂಗಳ ಸಾವಾಗಿ ಕಾಣುವುದಿಲ್ಲ. ಔಷಧಕ್ಕೆ ಬಗ್ಗದ ಕ್ಷಯವಾಗಿ ಮುಂದೆಂದೋ ಕಾಣಬಹುದು, ಆಗ ಅದನ್ನು ಮುಷ್ಕರದ ದಿನಗಳಿಗೆ ಜೋಡಿಸಿ ನೋಡುವವರು ಇರುವುದಿಲ್ಲ.

ಹಾಗಾದರೆ ಅಳೆಯಲು ಸಾಧ್ಯವೇ ಇಲ್ಲವೇ? ಕೆನ್ಯಾದ ಕಿಲಿಫಿಯಲ್ಲಿ ಸಾಧ್ಯವಾಯಿತು. ಅಲ್ಲಿ ಆಸ್ಪತ್ರೆಗಳಿಗೆ ಸಂಬಂಧಿಸದ ಸಂಶೋಧನಾ ಸಿಬ್ಬಂದಿ ಲಕ್ಷಾಂತರ ಜನರ ಹುಟ್ಟು, ಸಾವು, ವಲಸೆಗಳನ್ನು ಮನೆಮನೆಗೆ ಹೋಗಿ ನಿಯತವಾಗಿ ದಾಖಲಿಸುತ್ತಾರೆ. ಹಾಗಾಗಿ 2010ರಿಂದ 2016ರ ನಡುವಿನ ಆರು ಮುಷ್ಕರಗಳ ಕಾಲದಲ್ಲಿ ಸಮುದಾಯದ ಮರಣ ಪ್ರಮಾಣ ಹೇಗಿತ್ತೆಂದು ಹೇಳಲು ಬಂತು. ಒಟ್ಟಾರೆ ದೊಡ್ಡ ಏರಿಕೆ ಕಾಣಲಿಲ್ಲ. ಆ ಆರೂ ಮುಷ್ಕರಗಳು ಆರು ವಾರದೊಳಗಿನವು ಎಂಬುದನ್ನು ಮರೆಯಬಾರದು. ಅದರ ಬೆನ್ನಿಗೇ ಆ ದೇಶದಲ್ಲಿ ವೈದ್ಯರು ನೂರು ದಿನ, ನರ್ಸ್‌ಗಳು ಐದು ತಿಂಗಳು ಕೆಲಸ ನಿಲ್ಲಿಸಿದರು. ನಮ್ಮ ಬಹುಪಾಲು ಜಿಲ್ಲೆಗಳಲ್ಲಿ ಕಿಲಿಫಿಯಂಥ ಸ್ವತಂತ್ರ ದಾಖಲೆ ಇಲ್ಲ. ಇಂಗ್ಲೆಂಡಿನಲ್ಲಿ ಇನ್ನೊಂದು ಬಗೆಯ ಲೆಕ್ಕವಿದೆ: 2022ರ ಡಿಸೆಂಬರ್‌ನಿಂದ ನರ್ಸ್‌ಗಳೂ ಆಮೇಲೆ ಕಿರಿಯ ವೈದ್ಯರೂ ಸರದಿಯಂತೆ ಮುಷ್ಕರ ಹೂಡಿದಾಗ, ಎಷ್ಟು ಅಪಾಯಿಂಟ್‌ಮೆಂಟ್‌ಗಳು ಮುಂದಕ್ಕೆ ಹೋದವೆಂದು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ ಪ್ರತಿ ಸಲ ಪ್ರಕಟಿಸಿತು. ಕಾಯುವವರ ಪಟ್ಟಿ 2023ರಲ್ಲಿ 77 ಲಕ್ಷ ದಾಟಿತು. ಆದರೆ ಪಟ್ಟಿ ಮುಷ್ಕರಕ್ಕೆ ಮೊದಲೇ 70 ಲಕ್ಷ ದಾಟಿತ್ತು ಎಂಬುದೂ ಅದೇ ಅಂಕಿಗಳಿಂದ ತಿಳಿಯುತ್ತದೆ. ಎಲ್ಲ ತಪ್ಪನ್ನೂ ಮುಷ್ಕರದ ತಲೆಗೆ ಕಟ್ಟಲು ಮಂತ್ರಿಗಳಿಗೆ ಸಾಧ್ಯವಾಗದಿದ್ದುದು ಲೆಕ್ಕ ಬಹಿರಂಗವಾಗಿದ್ದುದರಿಂದ.

ಕಾನೂನಿನ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. ಆಸ್ಪತ್ರೆಯೂ ಕಾರ್ಮಿಕ ಕಾನೂನಿನ ‘ಉದ್ಯಮ’ದ ವ್ಯಾಖ್ಯೆಯೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿದ್ದು ನಮ್ಮ ಊರಿನ ಜಲಮಂಡಳಿಯ ಪ್ರಕರಣದಲ್ಲಿಯೇ. ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಮೂಲಭೂತ ಹಕ್ಕಿಲ್ಲ ಎಂದು ಅದೇ ನ್ಯಾಯಾಲಯ 2003ರ ರಂಗರಾಜನ್ ಪ್ರಕರಣದಲ್ಲಿ ಹೇಳಿತು. ಸರ್ಕಾರದ ಕೈಯಲ್ಲಿ ಎಸ್ಮಾ, ಅಂದರೆ ಅಗತ್ಯ ಸೇವೆಗಳಲ್ಲಿ ಮುಷ್ಕರ ನಿಷೇಧಿಸಬಲ್ಲ ಅಗತ್ಯ ಸೇವೆಗಳ ನಿರ್ವಹಣಾ ಕಾಯ್ದೆ, ಇದೆ. ಇವೆಲ್ಲ ನೌಕರರೆಂದು ಒಪ್ಪಿಕೊಂಡವರ ಬಗ್ಗೆ ಆಡಿದ ಮಾತು. ಸ್ವಯಂಸೇವಕಿ ಎಂದು ಕರೆಸಿಕೊಂಡವಳ ಕೆಲಸ ಅಗತ್ಯ ಸೇವೆ ಎನ್ನುವುದಾದರೆ ಅವಳನ್ನು ನೌಕರಳೆಂದು ಏಕೆ ಒಪ್ಪುವುದಿಲ್ಲ ಎಂಬ ಪ್ರಶ್ನೆಗೆ ಈವರೆಗಿನ ಯಾವ ಸರ್ಕಾರವೂ ನೇರ ಉತ್ತರ ಕೊಟ್ಟಿಲ್ಲ.

ಮುಷ್ಕರ ದಿಢೀರನೆ ಬರುವ ವಿಪತ್ತಲ್ಲ. ಮೊದಲು ಮನವಿಪತ್ರ, ಆಮೇಲೆ ತೋಳಿಗೆ ಕಪ್ಪು ಪಟ್ಟಿ, ಆಮೇಲೆ ಗಡುವು, ಎಲ್ಲವೂ ತಿಂಗಳುಗಟ್ಟಲೆ ಇಲಾಖೆಯ ಮೇಜಿನ ಮೇಲೆ ಇರುತ್ತವೆ; ನಮ್ಮಲ್ಲಿ ಮಾತುಕತೆ ಶುರುವಾಗುವುದು ಶಾಮಿಯಾನ ಹಾಕಿದ ಮೇಲೆ. ತುರ್ತು ವಿಭಾಗ, ಹೆರಿಗೆ, ಡಯಾಲಿಸಿಸ್ ಮುಷ್ಕರದ ದಿನಗಳಲ್ಲೂ ನಡೆಯಬೇಕು ಎಂಬುದರಲ್ಲಿ ಸಂಘಗಳಿಗೂ ಭಿನ್ನಾಭಿಪ್ರಾಯವಿಲ್ಲ. ಆ ಪಟ್ಟಿಗೆ ನಾನು ಹೊಕ್ಕಳು ಒಣಗದ ಕೂಸಿನ ಭೇಟಿಯನ್ನೂ ಕ್ಷಯದ ಮಾತ್ರೆಯನ್ನೂ ಸೇರಿಸುತ್ತೇನೆ, ಆದರೆ ಅದನ್ನು ಸೇರಿಸುವ ಸರ್ಕಾರ ಆ ಕೆಲಸಕ್ಕೆ ಅಗತ್ಯ ಸೇವೆಗೆ ತಕ್ಕ ಸಂಬಳವನ್ನೂ ಕೊಡಬೇಕಾಗುತ್ತದೆ. ಇದಲ್ಲದೆ, ಮುಷ್ಕರ ಮುಗಿದ ವಾರದಲ್ಲಿ ಪ್ರತಿ ತಾಲ್ಲೂಕು ಆರೋಗ್ಯಾಧಿಕಾರಿ ಆ ದಿನಗಳ ಹೆರಿಗೆ ಪುಸ್ತಕ, ಲಸಿಕಾ ಪಟ್ಟಿ ಮತ್ತು ಕ್ಷಯದ ನೋಂದಣಿಗಳನ್ನು ತೆರೆದು, ತಪ್ಪಿಹೋದವರ ಹೆಸರು ಪಟ್ಟಿ ಮಾಡಿಸಿ, ಆ ಸಂಖ್ಯೆಯನ್ನು ಪ್ರಕಟಿಸಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಸದ್ಯ ಈ ಹುಡುಕಾಟವನ್ನು ಯಾರ ಆದೇಶವೂ ಇಲ್ಲದೆ ಮಾಡುತ್ತಿರುವವರು ಫ್ರೀಡಂ ಪಾರ್ಕ್‌ನಿಂದ ಊರಿಗೆ ಮರಳಿದ ಆಶಾಗಳೇ, ಮತ್ತು ಆ ಹೆಚ್ಚಿನ ಓಡಾಟಕ್ಕೆ ಪ್ರೋತ್ಸಾಹಧನದ ಪಟ್ಟಿಯಲ್ಲಿ ಕಾಲಂ ಇಲ್ಲ.